ರೆನ್ವಾರ್ ಅವರ ಕಾಲು

ಯೂಟ್ಯೂಬ್‌ನಲ್ಲಿ 1915ರ ಒಂದು ಮೂಕಿ ಚಿತ್ರದ ತುಣುಕು ಸಿಗುತ್ತೆ. ತೆಗೆದದ್ದು ಸಾಷಾ ಗಿತ್ರಿ ಅನ್ನೋ ಫ್ರೆಂಚ್ ನಟ. ಬಿಳಿ ಗಡ್ಡದ ಮುದುಕರೊಬ್ಬರು ಕುರ್ಚಿಯಲ್ಲಿ ಕೂತು ಚಿತ್ರ ಬರೀತಿದ್ದಾರೆ. ಮೈಯಲ್ಲಿ ಮಾಂಸ ಅನ್ನೋದೇ ಇಲ್ಲ, ಕೈಗೆ ಬಟ್ಟೆ ಸುತ್ತಿದೆ, ಬೆರಳುಗಳು ಅಂಗೈ ಕಡೆಗೆ ಮಡಚಿಕೊಂಡು ಹಾಗೇ ಗಟ್ಟಿಯಾಗಿಬಿಟ್ಟಿವೆ. ಪಕ್ಕದಲ್ಲಿ ನಿಂತ ಹುಡುಗ ಅವರ ಕೊನೇ ಮಗ. ಬ್ರಷ್ಷನ್ನ ಆ ಬೆರಳುಗಳ ಸಂದಿಗೆ ಅವನೇ ಸಿಕ್ಕಿಸಿಕೊಡ್ತಾನೆ. ಆಮೇಲೆ ನೋಡಬೇಕು ನೀವು. ಆ ಕೈ ಬಣ್ಣಕ್ಕೂ ಕ್ಯಾನ್ವಾಸಿಗೂ ಪಟಪಟ ಅಂತ ಓಡಾಡುತ್ತೆ. ನಡುವೆ ಸಿಗರೇಟ್ ಬೇರೆ!

ಅವರು ಪಿಯರ್ ಓಗ್ಯುಸ್ತ್ ರೆನ್ವಾರ್. ಡ್ರಾಯಿಂಗ್ ಅಂದ್ರೆ ಫಸ್ಟ್ ಇಯರ್ ಇಂಜಿನಿಯರಿಂಗ್ ಗ್ರಾಫಿಕ್ಸ್ ಮಾತ್ರ ಗೊತ್ತಿರೋ ನಮ್ಮಂಥೋರಿಗೂ ಹೆಸರು ಎಲ್ಲೋ ಕೇಳಿದ ಹಾಗಿರುತ್ತೆ. ನಮಗೆ ಅವರು ಸಿಕ್ಕಿದ್ದು ಆರ್ಟ್ ಕ್ಲಬ್ಬಿನಲ್ಲಲ್ಲ. ಅಲ್ಟ್ರಾಸೌಂಡ್ ಮೇಲೆ ಮಿನಿ ಪ್ರಾಜೆಕ್ಟ್ ಸೆಮಿನಾರ್ ಕೊಡಬೇಕಿತ್ತು. ಸಂಧಿವಾತ, ಅಂದ್ರೆ ರುಮಟಾಯ್ಡ್ ಆರ್ಥ್ರೈಟಿಸ್ ಬಗ್ಗೆ ಹುಡುಕಿದ ಕಡೆಯೆಲ್ಲ ಈ ಮುದುಕರ ಕೈಗಳ ಫೋಟೋ ಬರ್ತಿತ್ತು. ಕೈ, ಕೈ, ಬರೀ ಕೈ. ಕೊನೆಗೊಂದು ಸಲ ಅನಿಸ್ತು, ಈ ಮನುಷ್ಯ ಗಾಲಿಕುರ್ಚಿಯಲ್ಲಿ ಕೂತಿರೋದು ಕೈ ನೋವಿಗಲ್ಲವಲ್ಲ? ಕಾಲಿಗೆ ಏನಾಗಿತ್ತು?

ಈ ಪ್ರಶ್ನೆ ನಮ್ಮನ್ನ ಬಿಡದೇ ಇರೋಕೆ ಮನೆಯ ಕಾರಣವೊಂದಿದೆ. ಅದನ್ನ ಮುಂದೆ ಹೇಳ್ತೀವಿ. ಮೊದಲು ಅವರ ಕಥೆ. ನಾವು ಓದಿದ್ದು ಇಂಗ್ಲಿಷ್ ಮೀಡಿಯಂ, ಕಾಗುಣಿತ ತಪ್ಪಿದ್ರೆ ಸಂಪಾದಕರನ್ನ ಬೈಕೊಳ್ಳಿ.

ರೆನ್ವಾರ್ ಹುಟ್ಟಿದ್ದು 1841ರ ಫೆಬ್ರವರಿ 25ರಂದು, ಫ್ರಾನ್ಸಿನ ಲಿಮೋಜ್ ಊರಿನಲ್ಲಿ. ಪಿಂಗಾಣಿಗೆ ಹೆಸರಾದ ಊರು. ಅಪ್ಪ ದರ್ಜಿ, ಅಮ್ಮನೂ ಹೊಲಿಗೆ ಕೆಲಸದವರೇ. ಮಗುವಿಗೆ ಮೂರು ವರ್ಷ ಆದಾಗ ಮನೆಮಂದಿ ಪ್ಯಾರಿಸ್ಸಿಗೆ ಗಂಟುಮೂಟೆ ಕಟ್ಟಿದರು. ಹುಡುಗನಿಗೆ ಒಳ್ಳೇ ಕಂಠವಿತ್ತು, ಚರ್ಚಿನ ಗಾಯಕ ಮೇಳದಲ್ಲಿ ಹಾಡ್ತಿದ್ದ. ಆದ್ರೆ ಹಾಡಿನಿಂದ ಹೊಟ್ಟೆ ತುಂಬಲ್ಲ. 13ನೇ ವಯಸ್ಸಿಗೆ ಅವನನ್ನ ಪಿಂಗಾಣಿ ಕಾರ್ಖಾನೆಗೆ ಕೆಲಸ ಕಲಿಯೋಕೆ ಹಾಕಿದರು. ತಟ್ಟೆ, ಬಟ್ಟಲು, ಹೂದಾನಿ ಮೇಲೆ ಹೂವು, ರಾಣಿಯರ ಮುಖ ಬರೆಯೋದು. ಪೀಸಿಗಿಷ್ಟು ಅಂತ ಕೂಲಿ. ಕೈ ಚುರುಕು, ಕಾಸೂ ಚೆನ್ನಾಗೇ ಬರ್ತಿತ್ತು.

ನಾಲ್ಕೈದು ವರ್ಷದಲ್ಲಿ ಮೆಷೀನ್ ಬಂತು. ಪಿಂಗಾಣಿ ಮೇಲೆ ಚಿತ್ರಗಳನ್ನ ಅಚ್ಚು ಒತ್ತೋ ಯಂತ್ರ. ಒಂದೇ ಏಟಿಗೆ ಕೈಯಲ್ಲಿ ಬರೆಯೋರ ಕೆಲಸ ಹೋಯ್ತು. ಪ್ಲೇಸ್‌ಮೆಂಟ್ ಬಗ್ಗೆ ರಾತ್ರಿ ಎರಡು ಗಂಟೆವರೆಗೂ ಹಾಸ್ಟೆಲ್ ಟೆರೇಸಿನಲ್ಲಿ ಕೂತು ಮಾತಾಡೋ ನಮಗೆ ಈ ಭಾಗ ಓದುವಾಗ ಹೊಟ್ಟೆ ಸ್ವಲ್ಪ ತಣ್ಣಗಾಯ್ತು. 17 ವರ್ಷದ ಹುಡುಗ ಏನು ಮಾಡಿದ? ಬೀಸಣಿಗೆ ಮೇಲೆ ಚಿತ್ರ ಬರೆದ, ಕಿಟಕಿ ಪರದೆ ಮೇಲೆ ಬರೆದ. ಉಳಿಸಿದ ದುಡ್ಡಿನಲ್ಲಿ ಕಲೆ ಕಲಿಯೋಕೆ ಸೇರಿದ. 1862ರಲ್ಲಿ ಸರ್ಕಾರಿ ಕಲಾಶಾಲೆಗೂ ಗ್ಲೇಯರ್ ಅನ್ನೋ ಮೇಷ್ಟ್ರ ಸ್ಟುಡಿಯೋಗೂ ಹೋಗ್ತಿದ್ದ. ಅಲ್ಲಿ ಸಿಕ್ಕ ಕ್ಲಾಸ್‌ಮೇಟ್‌ಗಳು ಯಾರು ಗೊತ್ತಾ? ಮೊನೆ, ಸಿಸ್ಲೆ, ಬಾಜೀಲ್. ಎಂಥಾ ಬೆಂಚು ಮಾರಾಯ್ರೆ!

ಮುಂದಿನ ಹತ್ತು ವರ್ಷ ಬಡತನ, ಸಾಲ, ಗೆಳೆಯರ ರೂಮಿನಲ್ಲಿ ವಾಸ. 1870ರಲ್ಲಿ ಪ್ರಷ್ಯಾ ಜೊತೆ ಯುದ್ಧ ಆಯ್ತು. ರೆನ್ವಾರ್ ಕುದುರೆ ದಳಕ್ಕೆ ಸೇರಿ ಕಾಯಿಲೆ ಬಿದ್ದು ಉಳಿದರು, ಬಾಜೀಲ್ ಸತ್ತ. 1874ರಲ್ಲಿ ಈ ಗೆಳೆಯರೆಲ್ಲ ಸೇರಿ, ಸರ್ಕಾರಿ ಪ್ರದರ್ಶನದ ಹಂಗು ಬೇಡ ಅಂತ, ನಡಾರ್ ಅನ್ನೋ ಫೋಟೋಗ್ರಾಫರ್ ಬಿಟ್ಟಿದ್ದ ಸ್ಟುಡಿಯೋದಲ್ಲಿ ತಮ್ಮದೇ ಪ್ರದರ್ಶನ ಇಟ್ಟರು. ಪತ್ರಿಕೆಯವರು ಆಡಿಕೊಂಡ ಹೆಸರೇ ಇಂಪ್ರೆಷನಿಸ್ಟ್ ಅನ್ನೋದು. ಬೈಗುಳವೇ ಬಿರುದಾಯ್ತು. 1876ರಲ್ಲಿ ರೆನ್ವಾರ್ ಬರೆದ ಮೂಲಾಂ ದ ಲಾ ಗಾಲೆತ್ ಕುಣಿತದ ಚಿತ್ರದಲ್ಲಿ ಭಾನುವಾರದ ಬಿಸಿಲು ಎಲೆಗಳ ಸಂದಿಯಿಂದ ಜನರ ಬೆನ್ನ ಮೇಲೆ ಚುಕ್ಕೆಚುಕ್ಕೆಯಾಗಿ ಬಿದ್ದಿದೆ. ಅದನ್ನ ಫೋನಿನಲ್ಲಿ ನೋಡಬೇಡಿ, ಲ್ಯಾಬಿನ ದೊಡ್ಡ ಮಾನಿಟರ್‌ನಲ್ಲಿ ನೋಡಿ.

ಚಿತ್ರದ ತುಂಬ ಕುಣಿಯೋರು, ದೋಣಿ ನಡೆಸೋರು, ಉಯ್ಯಾಲೆ ಆಡೋರು. ಸ್ವತಃ ರೆನ್ವಾರ್ ಕೂಡ ಒಂದು ಕಡೆ ಕೂರೋ ಜನ ಅಲ್ಲ, ಊರೂರು ಅಲೆಯೋರು. 1881ರಲ್ಲಿ ಅಲ್ಜೀರಿಯಾ, ಆಮೇಲೆ ಇಟಲಿ. 1882ರ ಜನವರಿಯಲ್ಲಿ ಪಲೆರ್ಮೋ ಊರಿನಲ್ಲಿ ಸಂಗೀತಗಾರ ವಾಗ್ನರ್ ಅವರ ಚಿತ್ರವನ್ನ 35 ನಿಮಿಷದಲ್ಲಿ ಬರೆದುಕೊಟ್ಟರು. ಇದಕ್ಕೂ ಮೊದಲು 1880ರಲ್ಲಿ ಬಲಗೈ ಮುರಿದುಕೊಂಡಾಗ ಎಡಗೈಯಲ್ಲಿ ಬರೆದರು, ಏನೂ ಆಗದವರ ಹಾಗೆ.

1880ರ ಬೇಸಿಗೆ ನಮ್ಮ ಕಥೆಗೆ ಮುಖ್ಯ. ಆಗ ರೆನ್ವಾರ್ ಪ್ಯಾರಿಸ್ಸಿನ ಪಕ್ಕ ಸೇನ್ ನದಿ ದಡದ ಶಾತೂ ಊರಿನ ಹೋಟೆಲಿನ ಮಹಡಿಯಲ್ಲಿ ಕೂತು, ದೋಣಿ ವಿಹಾರದವರ ಊಟದ ಆ ಪ್ರಸಿದ್ಧ ಚಿತ್ರ ಶುರು ಮಾಡಿದ್ದರು. ಅದರಲ್ಲಿ ಪುಟ್ಟ ನಾಯಿ ಹಿಡಿದು ಕೂತ ಹುಡುಗಿಯೇ ಆಲೀನ್ ಶಾರಿಗೋ. ಮುಂದೆ 1890ರಲ್ಲಿ ಅವಳನ್ನೇ ಮದುವೆಯಾದರು. ಅದೇ 1880ರಲ್ಲಿ, ಅದೇ ಪ್ಯಾರಿಸ್‌ನಲ್ಲಿ, ಝಾಕ್ ಮತ್ತು ಪಿಯರ್ ಕ್ಯೂರಿ ಅನ್ನೋ ಅಣ್ಣತಮ್ಮಂದಿರು ಸ್ಫಟಿಕದ ಚೂರನ್ನ ಒತ್ತಿದ್ರೆ ಅದರ ಮೈಮೇಲೆ ವಿದ್ಯುತ್ ಹುಟ್ಟುತ್ತೆ ಅಂತ ಕಂಡುಹಿಡಿದರು. ಪೀಜೋಎಲೆಕ್ಟ್ರಿಸಿಟಿ. ಮುಂದಿನ ವರ್ಷ ಉಲ್ಟಾ ಕೂಡ ಸಾಬೀತಾಯ್ತು, ವಿದ್ಯುತ್ ಕೊಟ್ರೆ ಸ್ಫಟಿಕ ಅಲುಗುತ್ತೆ. ಇವತ್ತು ಆಸ್ಪತ್ರೆಯ ಅಲ್ಟ್ರಾಸೌಂಡ್ ಪ್ರೋಬ್ ಒಳಗೆ ನಡೆಯೋದು ಇದೇ ಎರಡು ಕೆಲಸ. ಕೂಗೋದೂ ಸ್ಫಟಿಕವೇ, ಮರುದನಿ ಕೇಳಿಸಿಕೊಳ್ಳೋದೂ ಸ್ಫಟಿಕವೇ. ಈಗ ಕ್ವಾರ್ಟ್ಜ್ ಬದಲು ಬೇರೆ ಸೆರಾಮಿಕ್ ಹಾಕ್ತಾರೆ ಅಷ್ಟೆ. ಪಿಂಗಾಣಿಯ ದೂರದ ನೆಂಟ ಅಂತ ನಮ್ಮ ರೂಮ್‌ಮೇಟ್ ಜೋಕ್ ಹೊಡೆದ. ಪೂರ್ತಿ ಸುಳ್ಳೂ ಅಲ್ಲ.

1892ರ ಸುಮಾರಿಗೆ, ಐವತ್ತು ದಾಟಿದ ಹೊತ್ತಿನಲ್ಲಿ, ರೆನ್ವಾರ್ ಅವರ ಕೀಲುಗಳು ನೋಯೋಕೆ ಶುರುವಾದವು. ಆಗ ಅವರ ಕೈ ಹಿಡಿದಿತ್ತು ಕಾಲ. ಚಿತ್ರಗಳು ಅಮೆರಿಕದಲ್ಲೂ ಮಾರ್ತಿದ್ದವು, ಫ್ರೆಂಚ್ ಸರ್ಕಾರವೇ ಒಂದು ಚಿತ್ರ ಕೊಂಡಿತ್ತು, ಮನೆಯಲ್ಲಿ ಹೆಂಡತಿ, ಮಗ. ನೆಮ್ಮದಿಯ ದಿನಗಳು ಬಂದವು ಅನ್ನುವಾಗ ಇದು. 1897ರಲ್ಲಿ ಹೆಂಡತಿಯ ಊರು ಎಸ್ಸೋಯಾದಲ್ಲಿ ಸೈಕಲ್ಲಿಂದ ಬಿದ್ದು ಬಲಗೈ ಮತ್ತೆ ಮುರೀತು. ಆಮೇಲೆ ನೋವು ಏರುತ್ತಾ ಹೋಯ್ತು. ಹಾಗಾಗಿ ಸುಮಾರು ಜನ ಎಲ್ಲಕ್ಕೂ ಆ ಸೈಕಲ್ಲೇ ಕಾರಣ ಅಂತ ಬರೀತಾರೆ. ನಮಗೆ ಅದು ಸರಿ ಕಾಣಲ್ಲ. ಬಿದ್ದು ಮುರಿದ ಕೈ ಒಂದು ಕೈ. ಈ ರೋಗ ಹಾಗಲ್ಲ. ನಮ್ಮನ್ನ ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ದಾರಿ ತಪ್ಪಿ ಕೀಲುಗಳ ಒಳಪದರದ ಮೇಲೆ ದಾಳಿ ಮಾಡುತ್ತೆ. ಆ ತೆಳು ಪದರ ಊದಿ ದಪ್ಪಗಾಗಿ, ಅದಕ್ಕೆ ಹೊಸ ರಕ್ತನಾಳಗಳು ಬೆಳೆದು, ನಿಧಾನಕ್ಕೆ ಮೃದ್ವಸ್ಥಿಯನ್ನೂ ಮೂಳೆಯನ್ನೂ ತಿನ್ನುತ್ತಾ ಹೋಗುತ್ತೆ. ಸಾಮಾನ್ಯವಾಗಿ ಎರಡೂ ಕಡೆ, ಎಡಕ್ಕೂ ಬಲಕ್ಕೂ. ಕೀಲಿನ ಪಕ್ಕದಲ್ಲಿ ಓಡೋ ಟೆಂಡನ್‌ಗಳ ಕವಚಕ್ಕೂ ಅದೇ ಪದರ ಇರೋದ್ರಿಂದ ಅವೂ ಊದುತ್ತವೆ.

ಆ ಕಾಲದ ಡಾಕ್ಟರುಗಳ ಹತ್ತಿರ ಏನಿತ್ತು? ಕಾಯಿಲೆಗೆ ರುಮಟಾಯ್ಡ್ ಆರ್ಥ್ರೈಟಿಸ್ ಅನ್ನೋ ಹೆಸರನ್ನ 1859ರಲ್ಲೇ ಗ್ಯಾರಡ್ ಅನ್ನೋ ಇಂಗ್ಲಿಷ್ ವೈದ್ಯರು ಸೂಚಿಸಿದ್ದರು. ಹೆಸರಿತ್ತು, ಮದ್ದಿರಲಿಲ್ಲ. ನೋವಿಗೆ ಆಂಟಿಪೈರಿನ್, ಆಮೇಲೆ ಬಿಸಿನೀರಿನ ಬುಗ್ಗೆಗಳ ಸ್ನಾನ, ದಕ್ಷಿಣದ ಬಿಸಿಲು. ರೋಂಟ್‌ಗೆನ್ ಎಕ್ಸ್‌ರೇ ಕಂಡದ್ದು 1895ರಲ್ಲಿ. ಎಕ್ಸ್‌ರೇ ತೋರಿಸೋದೂ ಮೂಳೆಯನ್ನ. ಮೂಳೆ ತಿಂದುಹೋದ ಮೇಲೆ ತಿಂದುಹೋಗಿದೆ ಅಂತ ಹೇಳುತ್ತೆ, ತಿನ್ನುತ್ತಿರೋ ಪದರ ಅದಕ್ಕೆ ಚೆನ್ನಾಗಿ ಕಾಣಲ್ಲ.

ಈಗ ಕಾಲಿನ ವಿಷಯ. ಮೊದಲು ಒಂದು ಊರುಗೋಲು. ಆಮೇಲೆ ಎರಡು. ಆಮೇಲೆ ಕಂಕುಳಿಗೆ ಕೊಟ್ಟುಕೊಳ್ಳೋ ಊರುಗೋಲು. 1912ರ ಹೊತ್ತಿಗೆ ಗಾಲಿಕುರ್ಚಿ. ಹೊಲಕ್ಕೋ ತೋಟಕ್ಕೋ ಹೋಗಿ ಬರೆಯಬೇಕು ಅಂದ್ರೆ ಮೇನೆಯ ಥರ ಕೋಲು ಕಟ್ಟಿದ ಕುರ್ಚಿಯಲ್ಲಿ ಕೂರಿಸಿ ಇಬ್ಬರು ಹೊರಬೇಕಿತ್ತು. ಇಪ್ಪತ್ತು ವರ್ಷದಲ್ಲಿ ಇಷ್ಟು. ಅವರ ಜೀವನಚರಿತ್ರೆಗಳಲ್ಲಿ ಕೈಗೆ ಪುಟಗಟ್ಟಲೆ ಜಾಗ ಇದೆ, ಈ ಊರುಗೋಲುಗಳಿಗೆ ಒಂದೋ ಎರಡೋ ವಾಕ್ಯ. ಬರೆಯೋರ ತಪ್ಪು ಅಂತಲ್ಲ. ಚಿತ್ರಕಾರ ಅಂದ್ರೆ ಕೈ ತಾನೇ?

ಮನೆಯ ಕಾರಣ ಅಂದ್ವಲ್ಲ, ಅದು ಇಲ್ಲಿದೆ. ನಮ್ಮ ದೊಡ್ಡಮ್ಮನಿಗೆ ಆರೇಳು ವರ್ಷದಿಂದ ಇದೇ ಸಂಧಿವಾತ. ಮಾತ್ರೆ ನುಂಗಿ ಕೈ ಬೆರಳು ಸುಮಾರು ಹತೋಟಿಗೆ ಬಂದಿದ್ದವು. ಚೆಕಪ್‌ಗೆ ಹೋದಾಗಲೆಲ್ಲ ಡಾಕ್ಟ್ರು ಬೆರಳು, ಮಣಿಕಟ್ಟು, ಮೊಣಕೈ, ಭುಜ, ಮಂಡಿ ಒತ್ತಿ ನೋಡಿ ಲೆಕ್ಕ ಬರ್ಕೊಂಡು, ಚೆನ್ನಾಗಿದೆ ಅಂತ ಕಳಿಸ್ತಿದ್ರು. ಆದ್ರೆ ದೊಡ್ಡಮ್ಮ ಬೆಳಿಗ್ಗೆ ಎದ್ದು ಬಚ್ಚಲಿಗೆ ಹೋಗೋವಾಗ ಗೋಡೆ ಹಿಡ್ಕೊಂಡು ಹೋಗೋರು. ಚಪ್ಪಲಿ ಪಟ್ಟಿ ಹಾಕೋಕಾಗ್ತಿರಲಿಲ್ಲ. ಪಾದದ ಗಂಟು, ಅವರ ಮಾತಿನಲ್ಲಿ ಹರಡು, ಸಂಜೆ ಹೊತ್ತಿಗೆ ದಪ್ಪ ಆಗೋದು. ಮನೆಯವರೆಲ್ಲ ವಯಸ್ಸು ಅಂದ್ರು, ತೂಕ ಅಂದ್ರು. ನಾವು ಇನ್ನೂ ದೊಡ್ಡ ಬುದ್ಧಿವಂತರು, ರಜೆಗೆ ಹೋದಾಗ ಮೊಬೈಲ್ ನೋಡ್ತಾ ಕೂತಲ್ಲಿಂದಲೇ, ವಾಕಿಂಗ್ ಮಾಡಿ ದೊಡ್ಡಮ್ಮ, ಸರಿಹೋಗುತ್ತೆ ಅಂದ್ವಿ. ಅವರು ಏನೂ ಹೇಳಲಿಲ್ಲ. ಅವತ್ತು ಸಂಜೆ ನಿಜವಾಗಲೂ ವಾಕಿಂಗ್ ಹೋಗಿ ಬಂದ್ರು.

ಸೆಮಿನಾರ್‌ಗೆ ಓದುವಾಗ ಗೊತ್ತಾಯ್ತು, ರೋಗದ ತೀವ್ರತೆ ಅಳೆಯೋಕೆ ಜಗತ್ತಿನಾದ್ಯಂತ ಬಳಸೋ ಒಂದು ಲೆಕ್ಕದಲ್ಲಿ 28 ಕೀಲುಗಳು ಮಾತ್ರ ಇವೆ. ಕೂಡಿ ನೋಡಿ. ಎರಡು ಭುಜ, ಎರಡು ಮೊಣಕೈ, ಎರಡು ಮಣಿಕಟ್ಟು, ಬೆರಳ ಬುಡದ ಹತ್ತು, ಬೆರಳ ನಡುವಿನ ಹತ್ತು, ಎರಡು ಮಂಡಿ. ಮುಗೀತು, 28. ಪಾದದ ಗಂಟು ಇಲ್ಲ, ಪಾದವೂ ಇಲ್ಲ. ಬೇಗ ಮಾಡೋಕೆ ಸುಲಭ ಆಗಲಿ ಅಂತ ಚಿಕ್ಕದು ಮಾಡಿದ ಪಟ್ಟಿ ಅದು. ತುಂಬಾ ರೋಗಿಗಳಿಗೆ ಸರಿಯಾಗೇ ಹೊಂದುತ್ತೆ. ಆದ್ರೆ ಕಾಯಿಲೆ ಕಾಲಿಗೆ ಇಳಿದು ಕೂತವರಿಗೆ? ಅವರ ಸ್ಕೋರ್ ಚೆನ್ನಾಗೇ ಬರುತ್ತೆ, ನಡೆಯೋಕೆ ಮಾತ್ರ ಆಗಲ್ಲ. ಸೆನ್ಸರ್ ಇಡದ ಜಾಗದ ರೀಡಿಂಗ್ ಬರಲ್ಲ ಅನ್ನೋದು ನಮಗೆ ಹೊಸದೇನಲ್ಲ.

ಇನ್ನೊಂದು ತೊಡಕಿದೆ. ಪಾದದ ಗಂಟನ್ನ ಕೈಯಲ್ಲಿ ಒತ್ತಿ ನೋಡಿ ಹೇಳೋದು ಕಷ್ಟ. ಅದು ಒಂದು ಕೀಲಲ್ಲ. ಮೇಲೆ ಕಾಲಿನ ಮೂಳೆ ಪಾದಕ್ಕೆ ಕೂರೋ ಕೀಲು, ಅದರ ಕೆಳಗೆ ಹಿಮ್ಮಡಿ ಮೂಳೆಯ ಜೊತೆ ಇನ್ನೊಂದು. ಒಳಬದಿಯಲ್ಲಿ ಮೂರು ಟೆಂಡನ್, ಹೊರಬದಿಯಲ್ಲಿ ಎರಡು, ಮುಂದೆ ಮತ್ತಷ್ಟು, ಹಿಂದೆ ಅಕಿಲಿಸ್. ಗಂಟು ಊದಿದೆ ಅಂದ್ರೆ ಕೀಲು ಊದಿರಬಹುದು, ಟೆಂಡನ್ನಿನ ಕವಚ ಊದಿರಬಹುದು, ಅಥವಾ ಬರೀ ಚರ್ಮದ ಕೆಳಗೆ ನೀರು ತುಂಬಿರಬಹುದು. ಹೊರಗಿನಿಂದ ಎಲ್ಲ ಒಂದೇ ಥರ ಕಾಣುತ್ತೆ.

ಅಲ್ಟ್ರಾಸೌಂಡ್ ಇಲ್ಲಿ ಕೆಲಸಕ್ಕೆ ಬರುತ್ತೆ. ಹೊಟ್ಟೆ ನೋಡೋಕೆ 3ರಿಂದ 5 ಮೆಗಾಹರ್ಟ್ಸ್ ಸಾಕು, ಆಳಕ್ಕೆ ಹೋಗಬೇಕಲ್ಲ. ಪಾದದ ಗಂಟಿನಲ್ಲಿ ಎಲ್ಲ ಚರ್ಮದ ಹತ್ತಿರವೇ ಇರೋದ್ರಿಂದ 12 ಮೆಗಾಹರ್ಟ್ಸ್, ಅದಕ್ಕೂ ಹೆಚ್ಚು ಬಳಸಬಹುದು. ಮೈಯೊಳಗೆ ಶಬ್ದದ ವೇಗ ಸೆಕೆಂಡಿಗೆ ಸುಮಾರು 1540 ಮೀಟರ್. ಭಾಗಿಸಿದ್ರೆ ತರಂಗದ ಉದ್ದ 0.13 ಮಿಲಿಮೀಟರ್. ಅಂದ್ರೆ ಮಿಲಿಮೀಟರ್‌ಗಿಂತ ಸಣ್ಣ ವಿವರ ಕಾಣುತ್ತೆ. ಮೂಳೆಯ ಮೇಲ್ಮೈ ಬಿಳೀ ಗೆರೆ, ನೀರು ಕಪ್ಪು, ಊದಿದ ಒಳಪದರ ಮಬ್ಬು ಬೂದು. ಆಮೇಲೆ ಪವರ್ ಡಾಪ್ಲರ್ ಹಾಕ್ತಾರೆ. ಊದಿದ ಪದರದೊಳಗೆ ರಕ್ತ ಓಡ್ತಿದ್ರೆ ಕಿತ್ತಳೆ ಕೆಂಪು ಚುಕ್ಕೆಗಳು ಹೊಳೆಯುತ್ತವೆ. ಹಳೇ ಗಾಯದ ಗುರುತಲ್ಲ, ಉರಿ ಈಗಲೂ ಇದೆ ಅಂತ ಅರ್ಥ. ಎಷ್ಟಿದೆ ಅಂತ 0ಯಿಂದ 3ರವರೆಗೆ ಅಂಕ ಕೊಡ್ತಾರೆ. ಒಂದು ಸೂಕ್ಷ್ಮ ಇದೆ, ಪ್ರೋಬನ್ನ ಜೋರಾಗಿ ಒತ್ತಬಾರದು. ಒತ್ತಿದ್ರೆ ಆ ಸಣ್ಣ ರಕ್ತನಾಳಗಳು ಮುಚ್ಚಿಕೊಂಡು ಕೆಂಪು ಮಾಯ ಆಗುತ್ತೆ, ರೋಗ ಇಲ್ಲ ಅನ್ನೋ ಸುಳ್ಳು ರಿಪೋರ್ಟ್ ಬರುತ್ತೆ. ಜೆಲ್ ದಪ್ಪಗೆ ಹಾಕಿ ಪ್ರೋಬ್ ತೇಲಿದ ಹಾಗೆ ಹಿಡೀಬೇಕು. ಮೆಷೀನ್ ಎಷ್ಟೇ ಬೆಲೆಯದ್ದಾದ್ರೂ ಹಿಡಿಯೋ ಕೈ ಮುಖ್ಯ. ರೆನ್ವಾರ್ ಇದನ್ನ ಒಪ್ತಿದ್ರು ಅನ್ಸುತ್ತೆ.

ದೊಡ್ಡಮ್ಮನ ಕಾಲಿಗೂ ಕೊನೆಗೆ ಬೇರೊಬ್ಬ ಡಾಕ್ಟ್ರು ಪ್ರೋಬ್ ಇಟ್ರು. ಒಳಬದಿಯ ಟೆಂಡನ್ ಸುತ್ತ ಪೂರ್ತಿ ಕೆಂಪು ಉಂಗುರ. ಸ್ಕ್ರೀನನ್ನ ಅವರ ಕಡೆಗೇ ತಿರುಗಿಸಿ ತೋರಿಸಿದ್ರಂತೆ. ಫೋನಿನಲ್ಲಿ ನಮಗೆ ಹೇಳುವಾಗ ದೊಡ್ಡಮ್ಮನ ದನಿಯಲ್ಲಿ ಬೇಜಾರಿಗಿಂತ ಸಮಾಧಾನವೇ ಜಾಸ್ತಿ ಇತ್ತು. ಇಷ್ಟು ದಿನ ಹೇಳ್ತಿದ್ದದ್ದು ಸುಳ್ಳಲ್ಲ ಅಂತ ಟಿವಿಯಲ್ಲೇ ಬಂತಲ್ಲ ಅಂದ್ರು.

ರೆನ್ವಾರ್ ಹತ್ತಿರ ವಾಪಸ್ ಹೋಗೋಣ. 1907ರಲ್ಲಿ ಅವರು ಮೆಡಿಟರೇನಿಯನ್ ದಡದ ಕಾನ್ಯ ಊರಿನಲ್ಲಿ ಲೇ ಕೊಲೆತ್ ಅನ್ನೋ ತೋಟ ಕೊಂಡರು. ಅಲ್ಲಿದ್ದ ಹಳೇ ಆಲಿವ್ ಮರಗಳನ್ನ ಕಡಿದುಬಿಡ್ತಾರೆ ಅಂತ ಗೊತ್ತಾಗಿ, ಮರ ಉಳಿಸೋಕೇ ಕೊಂಡರು ಅಂತ ಹೇಳ್ತಾರೆ. ಅಲ್ಲಿ ಮನೆ ಕಟ್ಟಿಸಿದರು, ತೋಟದ ನಡುವೆ ಗಾಜಿನ ಸ್ಟುಡಿಯೋ ಹಾಕಿಸಿದರು.

ಅಲ್ಲಿಂದ ಮುಂದಿನದು ನಮ್ಮ ಪ್ರಕಾರ ಶುದ್ಧ ಇಂಜಿನಿಯರಿಂಗ್. ಭುಜ ಗಟ್ಟಿಯಾಗಿ ಕೈ ಮೇಲೆತ್ತೋಕಾಗಲ್ಲ, ಎದ್ದು ನಿಲ್ಲೋಕಾಗಲ್ಲ. ಆದ್ರೆ ದೊಡ್ಡ ಚಿತ್ರ ಬರೀಬೇಕು. ಏನು ಮಾಡೋದು? ಕ್ಯಾನ್ವಾಸನ್ನ ಎರಡು ಅಡ್ಡ ಉರುಳೆಗಳಿಗೆ ಸುತ್ತಿ, ಹಿಡಿಕೆ ತಿರುಗಿಸಿದ್ರೆ ಮೇಲೆ ಕೆಳಗೆ ಸರಿಯೋ ಹಾಗೆ ಮಾಡಿಸಿಕೊಂಡರು. ಕೈ ಚಿತ್ರದ ಹತ್ತಿರ ಹೋಗಲ್ಲ, ಚಿತ್ರವೇ ಕೈಯ ಹತ್ತಿರ ಬರುತ್ತೆ. ಬಣ್ಣದ ಹಲಗೆ ತೊಡೆ ಮೇಲೆ. ಬ್ರಷ್ಷನ್ನ ಕೈಗೆ ಕಟ್ಟುತ್ತಿದ್ದರು ಅಂತ ಎಲ್ಲ ಕಡೆ ಬರೆದಿರ್ತಾರೆ, ಅದು ಸರಿಯಲ್ಲ. ಬಟ್ಟೆ ಸುತ್ತುತ್ತಿದ್ದದ್ದು ಉಗುರು ಅಂಗೈಗೆ ಒತ್ತಿ ಗಾಯ ಆಗದಿರಲಿ ಅಂತ. ಬ್ರಷ್ ಹಿಡೀತಿದ್ದದ್ದು ಆ ಮಡಚಿದ ಬೆರಳುಗಳೇ. ಅದನ್ನ ಸಿಕ್ಕಿಸಿಕೊಡೋಕೆ ಗಾಬ್ರಿಯೆಲ್ ಅನ್ನೋ ಮನೆಗೆಲಸದ ಹೆಣ್ಣುಮಗಳೋ, ಮಗನೋ ಬೇಕಿತ್ತು. ಅವರ ಎಷ್ಟೋ ಚಿತ್ರಗಳಲ್ಲಿ ಮಾಡೆಲ್ ಆಗಿದ್ದವಳೂ ಇದೇ ಗಾಬ್ರಿಯೆಲ್.

ಕೈ ಪೂರ್ತಿ ಹೋಗೋಕೆ ಮುಂಚೆ ದಿನಾ ಬೆಳಿಗ್ಗೆ ಮೂರು ಚೆಂಡುಗಳನ್ನ ಗಾಳಿಗೆ ಎಸೆದು ಹಿಡಿಯೋ ಅಭ್ಯಾಸ ಮಾಡ್ತಿದ್ದರು, ಜಾತ್ರೆಯಲ್ಲಿ ಆಟ ತೋರಿಸೋರ ಹಾಗೆ. ಅದು ಆಗದಾದಾಗ ಬೇರೆ ಆಟ, ಅದೂ ಆಗದಾದಾಗ ಸಣ್ಣ ಮರದ ತುಂಡು. ಫಿಸಿಯೋಥೆರಪಿ ಅಂತ ಈಗ ದುಡ್ಡು ಕೊಟ್ಟು ಮಾಡಿಸ್ಕೊಳ್ಳೋದನ್ನ ಅವರೇ ಕಂಡ್ಕೊಂಡಿದ್ದರು.

1912ರಲ್ಲಿ ನಡೆದ ಒಂದು ಘಟನೆ ನಮಗೆ ತುಂಬ ಕಾಡಿದ್ದು. ವಿಯೆನ್ನಾದ ಡಾಕ್ಟರೊಬ್ಬರು ಬಂದು ನಿಮ್ಮನ್ನ ನಡೆಸ್ತೀನಿ ಅಂದರು. ಪಥ್ಯ, ಶಕ್ತಿಗೆ ಔಷಧ ಎಲ್ಲ ಕೊಟ್ಟರು. ಒಂದು ದಿನ ಡಾಕ್ಟರು ಕುರ್ಚಿಯಿಂದ ಎಬ್ಬಿಸಿ ನಿಲ್ಲಿಸಿ ಕೈ ಬಿಟ್ಟರು. ರೆನ್ವಾರ್ ಬೀಳಲಿಲ್ಲ. ಒಂದೊಂದೇ ಹೆಜ್ಜೆ ಇಟ್ಟು, ಚಿತ್ರದ ಸ್ಟ್ಯಾಂಡಿಗೆ ಒಂದು ಸುತ್ತು ಹಾಕಿ, ವಾಪಸ್ ಕುರ್ಚಿಗೆ ಬಂದರು. ಮನೆಯವರಿಗೆಲ್ಲ ಹಬ್ಬ. ಆದ್ರೆ ಅವರು ನಿಂತಲ್ಲೇ ಡಾಕ್ಟರಿಗೆ ಹೇಳಿಬಿಟ್ಟರಂತೆ, ನಡೆಯೋಕೇ ನನ್ನ ಶಕ್ತಿಯೆಲ್ಲ ಖರ್ಚಾಗುತ್ತೆ, ಬರೆಯೋಕೆ ಏನೂ ಉಳಿಯಲ್ಲ, ಹಾಗಾಗಿ ನಡೆಯೋದು ಬೇಡ ಅಂತ. ಕೂತರು. ಮತ್ತೆ ಏಳಲಿಲ್ಲ.

ಇದನ್ನ ಸ್ಫೂರ್ತಿ ಕಥೆ ಅಂತ ವಾಟ್ಸಾಪ್‌ನಲ್ಲಿ ಕಳಿಸೋರಿದ್ದಾರೆ. ನಮಗೆ ಹಾಗನ್ನಿಸಲ್ಲ. ಕಾಲು ಮತ್ತು ಚಿತ್ರ, ಎರಡರಲ್ಲಿ ಒಂದನ್ನ ಮಾತ್ರ ಇಟ್ಕೋ ಅಂದಾಗ ಮಾಡಿದ ಲೆಕ್ಕ ಅದು. ಆ ಲೆಕ್ಕ ಹಾಕಬೇಕಾಗಿ ಬಂದದ್ದೇ ಅನ್ಯಾಯ. ನೋವೇ ಅವರನ್ನ ದೊಡ್ಡ ಕಲಾವಿದ ಮಾಡ್ತು ಅನ್ನೋ ಮಾತಂತೂ ಸುತರಾಂ ಒಪ್ಪಲ್ಲ. ಕುಣಿತದ ಚಿತ್ರ ಬರೆದಾಗ ಅವರ ಕೀಲುಗಳೆಲ್ಲ ಗಟ್ಟಿಮುಟ್ಟಾಗೇ ಇದ್ದವು.

1913ರಿಂದ ಶಿಲ್ಪ ಕೂಡ ಶುರು ಮಾಡಿದರು. ಮಣ್ಣು ಮುಟ್ಟೋಕೆ ಕೈ ಇಲ್ಲ, ಅದಕ್ಕೆ ರಿಷಾರ್ ಗೀನೋ ಅನ್ನೋ ಯುವ ಶಿಲ್ಪಿ ಬಂದ. ರೆನ್ವಾರ್ ಹೇಳಿದ ಹಾಗೆ ಇವನ ಕೈ ಮಾಡೋದು. ಶಿಲ್ಪಗಳ ಮೇಲೆ ಹೆಸರು ಮಾತ್ರ ರೆನ್ವಾರ್ ಅಂತ. ಗೀನೋ ಕೂಡ ಸಹಕರ್ತೃ ಅಂತ ಫ್ರಾನ್ಸಿನ ಅತ್ಯುನ್ನತ ನ್ಯಾಯಾಲಯ ಒಪ್ಪಿದ್ದು 1973ರಲ್ಲಿ. ಗ್ರೂಪ್ ಪ್ರಾಜೆಕ್ಟ್‌ನಲ್ಲಿ ಕೋಡ್ ಬರೆದವನೊಬ್ಬ, ಹೆಸರು ಇನ್ನೊಬ್ಬನದು, ಇದನ್ನ ನಿಮಗೆ ವಿವರಿಸೋದು ಬೇಡ.

1914ರಲ್ಲಿ ಮಹಾಯುದ್ಧ ಬಂತು. ದೊಡ್ಡ ಮಗ ಪಿಯರ್, ಎರಡನೇ ಮಗ ಝಾನ್ ಇಬ್ಬರೂ ಗಾಯಗೊಂಡರು. 1915ರಲ್ಲಿ ಝಾನ್ ಕಾಲಿಗೆ ಗುಂಡು ಬಿದ್ದು ಕೊಳೆಯೋಕೆ ಶುರುವಾಯ್ತು, ಕಾಲು ಕತ್ತರಿಸೋ ಮಾತು ಬಂತು. ತಾಯಿ ಆಲೀನ್ ಆಸ್ಪತ್ರೆಗೆ ಹೋಗಿ, ಕತ್ತರಿಸಕೂಡದು ಅಂತ ಹಟ ಹಿಡಿದರು. ಕಾಲು ಉಳೀತು, ಕುಂಟು ಮಾತ್ರ ಜೀವನಪೂರ್ತಿ ಉಳೀತು. ಮೊದಲೇ ಸಕ್ಕರೆ ಕಾಯಿಲೆಯಿಂದ ಬಳಲಿದ್ದ ಆ ತಾಯಿ ಅದೇ ಜೂನ್‌ನಲ್ಲಿ ತೀರಿಕೊಂಡರು. ಒಂದು ಕಾಲಿಗಾಗಿ ಅಮ್ಮ ಅಷ್ಟು ದೂರ ಓಡಿದ್ದು, ಮನೆಯಲ್ಲಿ ಕಾಲಿಲ್ಲದ ಹಾಗೆ ಕೂತ ಅಪ್ಪ. ನಾವು ಇಲ್ಲಿ ಏನೂ ಸೇರಿಸಲ್ಲ.

ಅದೇ ಯುದ್ಧದ ಕಾಲದಲ್ಲಿ, ಅದೇ ಕರಾವಳಿಯ ತೂಲೋಂ ನೌಕಾನೆಲೆಯಲ್ಲಿ, ಪೋಲ್ ಲಾಂಜೆವಾಂ ಅನ್ನೋ ಭೌತವಿಜ್ಞಾನಿ ಕ್ಯೂರಿಗಳ ಸ್ಫಟಿಕವನ್ನ ನೀರಿಗಿಳಿಸಿ, ಜಲಾಂತರ್ಗಾಮಿ ಹಡಗು ಪತ್ತೆ ಹಚ್ಚೋಕೆ ಅಲ್ಟ್ರಾಸೌಂಡ್ ಬಿಡ್ತಿದ್ದರು. ಸಮುದ್ರದ ಆಳದಲ್ಲಿ ಹಡಗು ಹುಡುಕೋ ಆ ವಿದ್ಯೆ ಮನುಷ್ಯರ ಕೀಲಿನವರೆಗೆ ಬರೋಕೆ ಇನ್ನೂ ಐವತ್ತು ವರ್ಷದ ಮೇಲೆ ಬೇಕಾಯ್ತು. ರೆನ್ವಾರ್ ಕಾನ್ಯದ ತೋಟದಿಂದ ನೋಡ್ತಿದ್ದದ್ದೂ ಅದೇ ಸಮುದ್ರವನ್ನ.

ಕೊನೇ ವರ್ಷಗಳಲ್ಲಿ ಅವರು ಬರೆದದ್ದು ಸ್ನಾನಕ್ಕಿಳಿದ ಹೆಂಗಸರ ದೊಡ್ಡ ಚಿತ್ರ. ಈಗ ಪ್ಯಾರಿಸ್ಸಿನ ಓರ್ಸೇ ಮ್ಯೂಸಿಯಂನಲ್ಲಿದೆ. ಅಷ್ಟು ತುಂಬಿಕೊಂಡ, ಅಷ್ಟು ಆರಾಮಾಗಿ ಮೈಚಾಚಿದ ದೇಹಗಳನ್ನ ಬರೆದವರ ಸ್ವಂತ ಮೈ ಎಷ್ಟು ಒಣಗಿತ್ತು ಅಂದ್ರೆ ಕೂರೋದೇ ನೋವು. ಮಾಡೆಲ್ ಆಗಿದ್ದ ಹುಡುಗಿ ಆಂದ್ರೆಯನ್ನ ಮುಂದೆ ಝಾನ್ ಮದುವೆಯಾದ, ತನ್ನ ಮೊದಮೊದಲ ಸಿನಿಮಾಗಳಿಗೆ ಅವಳನ್ನೇ ನಾಯಕಿ ಮಾಡಿದ. ಹೌದು, ಜಗತ್ತಿನ ದೊಡ್ಡ ನಿರ್ದೇಶಕರಲ್ಲಿ ಒಬ್ಬರಾದ ಝಾನ್ ರೆನ್ವಾರ್ ಇವನೇ. ಗಂಗೆಯ ದಡದಲ್ಲಿ ಸಿನಿಮಾ ಮಾಡೋಕೆ ಕಲ್ಕತ್ತಾಗೆ ಬಂದಾಗ ಅವರ ಜೊತೆ ಓಡಾಡಿದ ಬಂಗಾಳಿ ಯುವಕನ ಹೆಸರು ಸತ್ಯಜಿತ್ ರಾಯ್. 1951ರಲ್ಲಿ ದಿ ರಿವರ್ ಬಂತು, 1955ರಲ್ಲಿ ಪಥೇರ್ ಪಾಂಚಾಲಿ. ಫಿಲ್ಮ್ ಕ್ಲಬ್ಬಿನವರು ಇದರ ಮೇಲೆ ಬೇರೆ ಲೇಖನ ಬರೀಬೇಕು.

1919ರಲ್ಲಿ ರೆನ್ವಾರ್ ಅವರನ್ನ ಲೂವ್ರ್ ಮ್ಯೂಸಿಯಂಗೆ ಕರೆದರು. ಅಲ್ಲಿ ಅವರದೇ ಒಂದು ಚಿತ್ರ ತೂಗುಹಾಕಿದ್ದರು, ಬದುಕಿರೋ ಕಲಾವಿದರಿಗೆ ಸುಲಭಕ್ಕೆ ಸಿಗದ ಗೌರವ. ಹುಡುಗನಾಗಿದ್ದಾಗ ಎಷ್ಟೋ ಸಲ ನಡೆದು ಸುತ್ತಿದ್ದ ಅದೇ ಹಜಾರಗಳಲ್ಲಿ ಈಗ ಕುರ್ಚಿಯಲ್ಲಿ ಹೊತ್ತು ಸುತ್ತಿಸಿದರು. ತಮ್ಮ ಚಿತ್ರ ಮಾತ್ರ ನೋಡಿ ಬರಲಿಲ್ಲ, ವೆರೊನೀಸೆ ಬರೆದ ಗೋಡೆಯಷ್ಟು ದೊಡ್ಡ ಮದುವೆ ಊಟದ ಚಿತ್ರವನ್ನೂ ಕಣ್ತುಂಬ ನೋಡಿ ಬಂದರು. ಅದೇ ಡಿಸೆಂಬರ್ 3ರಂದು, ಶ್ವಾಸಕೋಶದ ತೊಂದರೆಯಿಂದ, ಕಾನ್ಯದ ಮನೆಯಲ್ಲಿ ತೀರಿಕೊಂಡರು. 78 ವರ್ಷ.

ಕಾರ್ಟಿಸೋನ್ ಮೊದಲ ಬಾರಿಗೆ ಸಂಧಿವಾತದ ರೋಗಿಗೆ ಕೊಟ್ಟದ್ದು 1948ರಲ್ಲಿ. ದೊಡ್ಡಮ್ಮ ವಾರಕ್ಕೊಮ್ಮೆ ನುಂಗೋ ಮೆಥೋಟ್ರೆಕ್ಸೇಟ್ ಎಲ್ಲೆಡೆ ಬಳಕೆಗೆ ಬಂದದ್ದು 1980ರ ದಶಕದಲ್ಲಿ.

ಲೇ ಕೊಲೆತ್ ಮನೆ ಈಗ ಮ್ಯೂಸಿಯಂ. ಸ್ಟುಡಿಯೋದಲ್ಲಿ ಚಿತ್ರದ ಸ್ಟ್ಯಾಂಡ್ ಮುಂದೆ ಅವರ ಗಾಲಿಕುರ್ಚಿ ಹಾಗೇ ಇದೆ. ಫೋಟೋದಲ್ಲಿ ದೊಡ್ಡಮ್ಮನಿಗೆ ತೋರಿಸಿದ್ವಿ. ಕುರ್ಚಿಯನ್ನ ತುಂಬ ಹೊತ್ತು ನೋಡಿ, ಪಾಪ, ಇವರಿಗೆ ಕಾಲಿಗೂ ಇತ್ತಾ ಅಂತ ಕೇಳಿದ್ರು. ಅವರಿಗೆ ಔಷಧ ಬದಲಾಯಿಸಿ ಮೂರು ತಿಂಗಳಾಗುತ್ತಾ ಬಂತು. ಮುಂದಿನ ಸ್ಕ್ಯಾನ್ ನಮ್ಮ ಎರಡನೇ ಇಂಟರ್ನಲ್ಸ್ ಮುಗಿದ ಮಾರನೇ ದಿನ. ಈ ಸಲ ಜೊತೆಗೆ ನಾವೇ ಹೋಗ್ತಿದ್ದೀವಿ.